ಆಯುಧವಿಲ್ಲದೆ ಸಭೆ ಸೇರುವ ಹಕ್ಕು

2020ರ ಏಪ್ರಿಲ್ 30ರಂದು ಅಮೆರಿಕದ ಮಿಶಿಗನ್ ರಾಜ್ಯದ ಶಾಸನಸಭಾ ಭವನದೊಳಕ್ಕೆ ಕೊರೋನಾ ನಿರ್ಬಂಧಗಳನ್ನು ವಿರೋಧಿಸುವ ಒಂದು ಗುಂಪು ಬಂದಿತು. ಹಲವರ ಹೆಗಲಲ್ಲಿ ಬಂದೂಕುಗಳಿದ್ದವು. ಯಾರೂ ಗುಂಡು ಹಾರಿಸಲಿಲ್ಲ. ಆದರೆ ಗ್ಯಾಲರಿಯಲ್ಲಿ ಬಂದೂಕುಧಾರಿಗಳು ನಿಂತಿರಲು, ಕೆಳಗೆ ಕೆಲವು ಸದಸ್ಯರು ಗುಂಡುನಿರೋಧಕ ಕವಚ ತೊಟ್ಟು ಕುಳಿತಿದ್ದರು. ಆ ದಿನ ಅಲ್ಲಿನ ಕಾನೂನಿನ ಪ್ರಕಾರ ಬಂದೂಕು ಹಿಡಿದು ಒಳಗೆ ಬರುವುದು ಅಪರಾಧವೇ ಆಗಿರಲಿಲ್ಲ!

ನಮ್ಮ ಸಂವಿಧಾನದ 19ನೆಯ ವಿಧಿಯಾದರೋ ಸಭೆ ಸೇರುವ ಹಕ್ಕನ್ನು ಕೊಡುವಾಗಲೇ ‘ಶಾಂತಿಯಿಂದ, ಆಯುಧಗಳಿಲ್ಲದೆ’ ಎಂಬ ಕಟ್ಟು ಹಾಕಿದೆ. ಇದಕ್ಕೆ ಸಂಬಂಧಿಸಿದ ಒಂದು ಚರ್ಚೆಯಲ್ಲಿ ನಮ್ಮ ಕಡೆಯವರೊಬ್ಬರ ಪಾಲಿದೆ ಎಂಬುದು ಹೆಚ್ಚಿನವರಿಗೆ ತಿಳಿಯದು. ಮಂಗಳೂರಿನಲ್ಲಿ ಹುಟ್ಟಿ, ಐ.ಸಿ.ಎಸ್. ಹುದ್ದೆಯನ್ನು ತೊರೆದು, ಸುಭಾಷ ಬೋಸರ ಫಾರ್ವರ್ಡ್ ಬ್ಲಾಕ್ ಸೇರಿದ ಹರಿ ವಿಷ್ಣು ಕಾಮತರು 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಒಂದು ತಿದ್ದುಪಡಿ ತಂದರು. ಆಯುಧ ಇಟ್ಟುಕೊಳ್ಳುವ, ಧರಿಸುವ ಹಕ್ಕೂ ಮೂಲಭೂತ ಹಕ್ಕಾಗಲಿ ಎಂಬುದು ಅವರ ಬೇಡಿಕೆ.

ಅದರಲ್ಲಿ ಅರ್ಥವಿರಲಿಲ್ಲವೆನ್ನಲಾಗದು. 1878ರ ಶಸ್ತ್ರ ಕಾಯಿದೆ ಭಾರತೀಯನಿಗೆ ಲೈಸೆನ್ಸ್ ಬೇಕೆಂದು ವಿಧಿಸಿ ಯುರೋಪಿಯನ್ನರಿಗೆ ವಿನಾಯಿತಿ ಕೊಟ್ಟಿತ್ತು. (ಕೊಡವರಿಗೆ ವಿನಾಯಿತಿಯಿತ್ತು, ಅದು ಇಂದಿಗೂ ಉಳಿದಿದೆ. ಆದರೆ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಕೋವಿಯ ಮಾತೇ ಬೇರೆ.) ಆ ಅವಮಾನಕ್ಕೆ ಉತ್ತರವಾಗಿಯೇ 1931ರ ಕರಾಚಿ ಕಾಂಗ್ರೆಸ್ಸು ಈ ಹಕ್ಕನ್ನು ತನ್ನ ನಿರ್ಣಯದಲ್ಲಿ ಸೇರಿಸಿತ್ತು. ಕಾಮತರು ಅದನ್ನೇ ನೆನಪಿಸಿದರು. ಅಂಬೇಡ್ಕರರು ಒಪ್ಪಲಿಲ್ಲ. ದೇಶಕ್ಕೆ ಗಂಡಾಂತರ ಬಂದಾಗ ಆಯುಧ ಹಿಡಿಯುವುದು ಪ್ರಜೆಯ ಕರ್ತವ್ಯ. ಅದನ್ನು ವ್ಯಕ್ತಿಯ ಹಕ್ಕಾಗಿಸಿದರೆ ಕಳ್ಳಕಾಕರಿಗೂ ಅದು ಸಲ್ಲುತ್ತದೆ ಎಂಬುದು ಅವರ ವಾದ. ತಿದ್ದುಪಡಿ ಬಿದ್ದುಹೋಯಿತು. ಸ್ವಾತಂತ್ರ್ಯಯೋಧ ಕಾಮತರ ಬಗ್ಗೆ ಗೌರವವಿಟ್ಟುಕೊಂಡೇ ಹೇಳಬೇಕು, ಬಿದ್ದದ್ದು ಒಳ್ಳೆಯದಾಯಿತು. ಪರವೂರಿನಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ನಮ್ಮಂಥವರಿಗಂತೂ ಇದು ಬೇಗ ಅರ್ಥವಾಗುತ್ತದೆ.

ಮುಂಬಯಿಯ ಬೀದಿ ರಾಜಕೀಯದಲ್ಲಿ ಬಂದೂಕು ಕಂಡದ್ದು ಹೆಚ್ಚಾಗಿ ಪೊಲೀಸರ ಕೈಯಲ್ಲೇ. 1955ರ ನವೆಂಬರ್ 21ರಂದು ಸಂಯುಕ್ತ ಮಹಾರಾಷ್ಟ್ರ ಚಳವಳಿಯವರ ಮೇಲೆ ಫ್ಲೋರಾ ಫೌಂಟನ್ ಬಳಿ ಗೋಲಿಬಾರು ನಡೆದು 15 ಮಂದಿ ಸತ್ತರು. ಜನರನ್ನು ಹೆದರಿಸಲು ಹೊರಟ ಗುಂಪುಗಳ ಕೈಗೆ ಸುಲಭವಾಗಿ ಸಿಕ್ಕಿದ್ದು ದೊಣ್ಣೆ, ಕಲ್ಲು, ಸೋಡಾ ಬಾಟಲಿ. 1951ರ ಮುಂಬಯಿ ಪೊಲೀಸ್ ಕಾಯಿದೆಯನ್ನು ಬರೆದವರು ಇದನ್ನು ಬಲ್ಲವರಿರಬೇಕು. ಅದರ 37ನೆಯ ಕಲಮಿನಲ್ಲಿ ಕತ್ತಿ, ಭರ್ಚಿ, ಬಂದೂಕುಗಳ ಸಾಲಿನಲ್ಲೇ ಲಾಠಿಯೂ ಇದೆ. ಕಲ್ಲು ಒಟ್ಟುಮಾಡುವುದನ್ನೂ ಪೊಲೀಸ್ ಕಮಿಷನರು ನಿಷೇಧಿಸಬಹುದು.

ಆದರೂ 1969ರ ಫೆಬ್ರವರಿಯಲ್ಲಿ ಏನಾಯಿತೆಂಬುದನ್ನು ಹಿರಿಯರು ಬಲ್ಲರು. ಬೆಳಗಾವಿ ಗಡಿಯ ಪ್ರಶ್ನೆಗೆ ಶಿವಸೇನೆ ಚಳವಳಿ ಹೂಡಿತ್ತು. ಮಾಹಿಮ್‌ನಲ್ಲಿ ಉಪಪ್ರಧಾನಿ ಮೊರಾರ್ಜಿ ದೇಸಾಯಿಯವರ ಕಾರು ನಿಲ್ಲದೆ ಹೋದದ್ದೇ ನೆಪವಾಗಿ ಊರೆಲ್ಲ ಹೊತ್ತಿಕೊಂಡಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಬೆಳಗಾವಿ ಯಾರದೆಂಬ ವಾದಕ್ಕೂ ಮಾಟುಂಗಾದಲ್ಲೋ ದಾದರದಲ್ಲೋ ಇಡ್ಲಿ ಬಡಿಸುವ ಹುಡುಗನಿಗೂ ಏನು ಸಂಬಂಧ? ಕಾಯಿದೆ ಬಂದು ಆಗಲೇ 18 ವರ್ಷಗಳಾಗಿದ್ದವು. ಕಡೆಗೆ ಗಲಭೆ ಶಮನವಾಗಲು ಬಂಧನದಲ್ಲಿದ್ದ ಬಾಳ ಠಾಕರೆಯವರಿಂದಲೇ ಮನವಿ ಹೊರಡಬೇಕಾಯಿತು.

ಮತದಾನದ ಮಟ್ಟಿಗೆ ಕಾನೂನು ಬಿಗಿಯಾದದ್ದು 1996ರಲ್ಲಿ. ಪ್ರಜಾಪ್ರಾತಿನಿಧ್ಯ ಕಾಯಿದೆಗೆ 134-ಬಿ ಕಲಮು ಸೇರಿತು. ಮತದಾನದ ದಿನ ಮತಗಟ್ಟೆಯ ಆಸುಪಾಸಿಗೆ ಚುನಾವಣಾಧಿಕಾರಿಗಳು, ಪೊಲೀಸರು ಮತ್ತು ಬಂದೋಬಸ್ತಿಗೆ ನೇಮಕಗೊಂಡವರು ಬಿಟ್ಟು ಬೇರಾರೂ ಆಯುಧ ಹಿಡಿದು ಬರಕೂಡದು. ಬಂದರೆ ಎರಡು ವರ್ಷಗಳವರೆಗೆ ಸಜೆ. ಆಯುಧ ಮುಟ್ಟುಗೋಲು, ಲೈಸೆನ್ಸ್ ಇದ್ದರೆ ಅದೂ ರದ್ದು.