ಶ್ರವಣ ಸಾಧನ: ಅಗ್ಗದ ಉಪಾಯಗಳ ಇತಿಹಾಸ

ಕಿವಿ ಮಂದವಾದವರು ಅಂಗೈಯನ್ನು ಗುಳಿ ಮಾಡಿ ಕಿವಿಯ ಹಿಂದೆ ಹಿಡಿಯುತ್ತಾರಲ್ಲ, ಶ್ರವಣ ಸಾಧನಗಳಲ್ಲೆಲ್ಲ ಹಳೆಯದು ಅದೇ. ಕಾಸು ಖರ್ಚಿಲ್ಲದ ಈ ಉಪಾಯದಿಂದ ಎದುರಿನವರ ದನಿ ಕೆಲವು ಡೆಸಿಬೆಲ್ ಏರುತ್ತದೆ.

17ನೇ ಶತಮಾನದ ಯುರೋಪಿನಲ್ಲಿ ಅಂಗೈಯ ಕೆಲಸವನ್ನು ಕಹಳೆ ವಹಿಸಿಕೊಂಡಿತು. ಅಗಲ ಬಾಯಿಯಲ್ಲಿ ದನಿ ಹಿಡಿದು ಕಿರಿದಾದ ತುದಿಯಿಂದ ಕಿವಿಗೆ ಬಿಡುವ ಈ ಕೊಳವೆಗಳನ್ನು ಕೊಂಬಿನಿಂದಲೂ ತಗಡಿನಿಂದಲೂ ಮಾಡುತ್ತಿದ್ದರು. 1812ರಿಂದ 1814ರ ನಡುವೆ ಯಂತ್ರಕುಶಲಿ ಮೆಲ್ಟ್ಸೆಲ್, ಕಿವಿ ಮಂದವಾಗುತ್ತಿದ್ದ ಸಂಗೀತ ರಚನೆಕಾರ ಬೆಥೋವನ್‌ಗಾಗಿ ಇಂಥ ಕಹಳೆಗಳನ್ನು ಮಾಡಿಕೊಟ್ಟ. 1818ರ ಹೊತ್ತಿಗೆ ಅವೂ ಸಾಲದಾಗಿ, ಬಂದವರು ಹೇಳಬೇಕಾದ್ದನ್ನು ಪುಸ್ತಕದಲ್ಲಿ ಬರೆದು ತೋರಿಸಬೇಕಾಯಿತು.

ದನಿ ಎಲುಬಿನ ಮೂಲಕವೂ ಒಳಗಿವಿಯನ್ನು ಮುಟ್ಟುತ್ತದೆ. ಹಲ್ಲಿನಲ್ಲಿ ಕಚ್ಚಿದ ಸಲಾಕೆಯಿಂದ ಕೇಳಬಹುದೆಂದು ಇಟಲಿಯ ವೈದ್ಯ ಕಾರ್ಡಾನೊ 16ನೇ ಶತಮಾನದಲ್ಲೇ ಬರೆದಿದ್ದ. 1879ರಲ್ಲಿ ಶಿಕಾಗೋದ ರಿಚರ್ಡ್ ರೋಡ್ಸ್ ಇದೇ ತತ್ವದ ಮೇಲೆ 'ಆಡಿಫೋನ್' ಎಂಬ ಬೀಸಣಿಗೆಗೆ ಪೇಟೆಂಟ್ ಪಡೆದ. ಗಟ್ಟಿ ರಬ್ಬರಿನ ಹಾಳೆಯನ್ನು ದಾರದಿಂದ ಬಿಲ್ಲಿನಂತೆ ಬಗ್ಗಿಸಿ, ಅದರ ಅಂಚನ್ನು ಮೇಲಿನ ಹಲ್ಲಿಗೆ ಒತ್ತಿಕೊಂಡರೆ ಹಾಳೆಯ ಕಂಪನ ತಲೆಬುರುಡೆಗೆ ಇಳಿಯುತ್ತಿತ್ತು. ಒಳಗಿವಿಯ ನರ ಚೆನ್ನಾಗಿದ್ದವರಿಗೆ ಮಾತ್ರ ಇದರಿಂದ ಪ್ರಯೋಜನ. ಬೆಲೆ ಬಡವರ ಕೈಗೆ ಎಟುಕುವಂತಿರಲಿಲ್ಲ. ಮರುವರ್ಷವೇ ಜಿನೀವಾದ ಭೌತವಿಜ್ಞಾನಿ ಡೇನಿಯಲ್ ಕೊಲಾಡಾನ್ ರಬ್ಬರನ್ನು ಬಿಟ್ಟು, ಒತ್ತಾಗಿ ಅದುಮಿದ ತೆಳು ರಟ್ಟನ್ನು ಹಲ್ಲಿಗೆ ಹಿಡಿಸಿ ನೋಡಿದ. ಅಷ್ಟೇ ಚೆನ್ನಾಗಿ ಕೇಳಿಸಿತು, ಖರ್ಚು ಪುಡಿಗಾಸು! ಈ ಚರಿತ್ರೆಯಲ್ಲಿ ಅತ್ಯಂತ ಗೌರವಕ್ಕೆ ಅರ್ಹವಾದ ಪ್ರಯೋಗ ಇದು.

20ನೇ ಶತಮಾನದಲ್ಲಿ ವಿದ್ಯುತ್ ಸಾಧನಗಳು ಬಂದವು, 1952ರ ಕೊನೆಗೆ ಟ್ರಾನ್ಸಿಸ್ಟರ್ ಸೇರಿ ಅವು ಚಿಕ್ಕವಾದವು. ಆದರೆ ಸಾಧನ ಕೊಂಡ ಮೇಲೂ ಒಂದೆರಡು ವಾರಕ್ಕೊಮ್ಮೆ ಗುಂಡಿಯಂಥ ಸೆಲ್ ಬದಲಿಸಬೇಕು. ಎಷ್ಟೋ ಸಾಧನಗಳು ಕೆಟ್ಟದ್ದರಿಂದಲ್ಲ, ಸೆಲ್ ಇಲ್ಲದೆ ಪೆಟ್ಟಿಗೆ ಸೇರಿದವು. ಬೋಟ್ಸ್ವಾನಾದ ಗೊಡಿಸಾ ಸಂಸ್ಥೆಯ ಕೆಲಸಗಾರರು, ಅವರಲ್ಲಿ ಕಿವಿ ಕೇಳದವರೇ ಹೆಚ್ಚು, ಬಿಸಿಲಿನಲ್ಲಿ ಚಾರ್ಜ್ ಆಗುವ ಸೆಲ್‌ಗಳಿಂದ ಈ ತೊಡಕು ಬಿಡಿಸಿದರು.

2020ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಾದ್ ಭಾಮ್ಲಾ ಅವರ ತಂಡ 'ಲೊಕೇಡ್' ಎಂಬ ಅಗ್ಗದ ಶ್ರವಣ ಸಾಧನದ ವಿನ್ಯಾಸ ಪ್ರಕಟಿಸಿತು. ಸಗಟಾಗಿ ಕೊಂಡರೆ ಬಿಡಿಭಾಗಗಳ ಬೆಲೆ ಆಗ 1 ಡಾಲರ್‌ಗೂ ಕಡಿಮೆ ಇತ್ತು. ಇದು ಮಾಮೂಲು ಇಯರ್‌ಫೋನ್ ಸಿಕ್ಕಿಸಿ ಮೈಮೇಲೆ ಧರಿಸುವ ಡಬ್ಬಿ. ವಯಸ್ಸಾದಂತೆ ಮೊದಲು ಕೈಕೊಡುವುದು ಮೇಲಿನ ಸ್ಥಾಯಿ. 'ಸಾಲು' ಅಂದದ್ದು 'ಹಾಲು' ಎಂದು ಕೇಳಿಸುವುದು ಹೀಗೆ. ಈ ಡಬ್ಬಿ ಹೆಚ್ಚಾಗಿ ಎತ್ತಿಕೊಡುವುದು ಆ ಸ್ಥಾಯಿಯನ್ನೇ.