ಪಾರಂಪರಿಕ ಕಟ್ಟಡಗಳ ದುರಸ್ತಿಯಲ್ಲಿ ಸುಣ್ಣದ ಗಾರೆಯ ಬಳಕೆ

ರಾಜ್ಯದ ಹಳೆಯ ಕಟ್ಟಡಗಳಲ್ಲಿ ಕಲ್ಲು ಹಾಗೂ ಇಟ್ಟಿಗೆಗಳನ್ನು ಬೆಸೆಯಲು ಸುಣ್ಣದ ಗಾರೆಯನ್ನು ವ್ಯಾಪಕವಾಗಿ ಬಳಸಲಾಗಿದೆ. 17ನೇ ಶತಮಾನದ ವಿಜಯಪುರದ ಗೋಳಗುಮ್ಮಟದಲ್ಲಿಯೂ, 1911ರಲ್ಲಿ ಕಾಮಗಾರಿ ಪ್ರಾರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯಲ್ಲಿಯೂ ಇದೇ ಗಾರೆಯಿದೆ. ಆದ್ದರಿಂದ ಸುಣ್ಣವು ದುರ್ಬಲ ಸಾಮಗ್ರಿ ಎಂಬ ಭಾವನೆಗೆ ಆಧಾರವಿಲ್ಲ.

ಇಂತಹ ಕಟ್ಟಡಗಳ ಗೋಡೆಗಳು ನೆಲದಿಂದಲೂ ಮಳೆಯಿಂದಲೂ ತೇವವನ್ನು ಹೀರಿಕೊಂಡು, ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಹೊರಬಿಡುತ್ತವೆ. ಸಿಮೆಂಟ್ ಗಿಲಾವು ಈ ಮಾರ್ಗಕ್ಕೆ ತಡೆಯೊಡ್ಡುತ್ತದೆ. ಒಳಗೆ ಉಳಿದ ನೀರಿನಲ್ಲಿನ ಲವಣಗಳು ಹರಳುಗಟ್ಟಿ ಇಟ್ಟಿಗೆ ಪುಡಿಯಾಗುತ್ತದೆ. ಗಿಲಾವು ಮಾತ್ರ ಹೊರನೋಟಕ್ಕೆ ಸುಭದ್ರವಾಗಿ ಕಾಣುತ್ತಿರುತ್ತದೆ. ಮುಂದೆ ಅದನ್ನು ಕೀಳುವಾಗ ಮೂಲ ಕಲ್ಲಿನ ಅಂಚು, ಕೆತ್ತನೆಗಳೂ ಕಿತ್ತುಬರುವುದರಿಂದ ಈ ಹಾನಿಯನ್ನು ಸರಿಪಡಿಸಲಾಗದು.

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟು, ನೀರಿನಲ್ಲಿ ಅರಳಿಸಿ, ಕೆಲವು ವಾರಗಳ ಕಾಲ ನೀರಿನಡಿಯಲ್ಲಿಯೇ ಇರಿಸಬೇಕು. ಅರಳುವಾಗ ಸುಣ್ಣವು ಕುದಿದು ಸಿಡಿಯುವುದರಿಂದ ಕಣ್ಣು ಹಾಗೂ ಕೈಗಳಿಗೆ ರಕ್ಷಣೆ ಅವಶ್ಯಕ. ಸಾಮಾನ್ಯವಾಗಿ 1 ಪಾಲು ಸುಣ್ಣಕ್ಕೆ 2ರಿಂದ 3 ಪಾಲು ಮರಳು ಅಥವಾ ಮರಳು ಮತ್ತು ಸುರ್ಕಿಯ (ಇಟ್ಟಿಗೆ ಪುಡಿ) ಮಿಶ್ರಣವನ್ನು ಸೇರಿಸಿ ಗಾಣದಲ್ಲಿ ಅರೆಯಲಾಗುತ್ತದೆ. ಸುರ್ಕಿಯು ಸುಣ್ಣದೊಡನೆ ರಾಸಾಯನಿಕವಾಗಿ ಕೂಡಿ ತೇವದಲ್ಲಿಯೂ ಗಟ್ಟಿಯಾಗಲು ನೆರವಾಗುತ್ತದೆ. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಮುಂತಾದವುಗಳನ್ನು ಬೆರೆಸುವ ಪದ್ಧತಿಯೂ ಇದೆ. ಆದರೆ ಪ್ರಮಾಣವನ್ನು ಬಾಯಿಮಾತಿನ ಮೇಲೆ ನಿರ್ಧರಿಸದೆ, ಹಳೆಯ ಗಾರೆಯ ಮಾದರಿಯನ್ನು ಪರೀಕ್ಷಿಸಿ ನಿಗದಿಪಡಿಸುವುದು ಸೂಕ್ತ.

ಗಾರೆಯು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಆದುದರಿಂದ ತೆಳುವಾದ ಪದರಗಳಲ್ಲಿ ಬಳಿದು, ಒದ್ದೆ ಗೋಣಿತಾಟು ಹೊದಿಸಿ, ಬಿಸಿಲು ಹಾಗೂ ಜೋರು ಮಳೆಯಿಂದ ಕಾಪಾಡಬೇಕು. ಕೆಲಸ ಬೇಗ ಮುಗಿಯಲೆಂದು "ಒಂದು ಬಾಂಡ್ಲಿ ಸಿಮೆಂಟ್" ಸೇರಿಸುವ ಸಲಹೆ ಗುತ್ತಿಗೆದಾರರಿಂದ ಬರುವುದುಂಟು. ಇದನ್ನು ಒಪ್ಪತಕ್ಕದ್ದಲ್ಲ.

ಅನುಮತಿ: ಕೇಂದ್ರ ಸಂರಕ್ಷಿತ ಸ್ಮಾರಕಗಳ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶವಾಗಿದ್ದು, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. 2010ರಲ್ಲಿ ತಿದ್ದುಪಡಿಯಾದ 1958ರ ಕೇಂದ್ರ ಅಧಿನಿಯಮದಂತೆ, ಈ ಪ್ರದೇಶಗಳಲ್ಲಿರುವ ಕಟ್ಟಡಗಳ ಮಾಲೀಕರು ದುರಸ್ತಿಗೆ ಮುನ್ನ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಕೆಡವಿ ಪುನಃ ಕಟ್ಟುವುದು ದುರಸ್ತಿಯ ವ್ಯಾಪ್ತಿಗೆ ಬರುವುದಿಲ್ಲ. ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ 1961ರ ಕರ್ನಾಟಕ ಅಧಿನಿಯಮವು ಅನ್ವಯಿಸುತ್ತದೆ. ಅರ್ಜಿಯೊಂದಿಗೆ ಕಟ್ಟಡದ ಈಗಿನ ಸ್ಥಿತಿಯ ಛಾಯಾಚಿತ್ರಗಳನ್ನೂ, ಬಳಸಲುದ್ದೇಶಿಸಿದ ಗಾರೆಯ ವಿವರವನ್ನೂ ಲಗತ್ತಿಸಿದಲ್ಲಿ ಪರಿಶೀಲನೆಗೆ ಅನುಕೂಲವಾಗುವುದು.