ರಾಜಭವನಕ್ಕೆ ಬಂದ 19 ಪತ್ರಗಳು

ಬಟವಾಡಿಯಿಂದ ಮಾತಾಡ್ತಿದ್ದೀನಿ. ಗುಬ್ಬಿಯಿಂದ, ಕುಣಿಗಲ್‌ನಿಂದ ಬಸ್ಸಲ್ಲಿ ಬರ್ತಾ ಇಯರ್‌ಫೋನ್ ಹಾಕ್ಕೊಂಡು ಕೇಳೋರಿಗೂ, ಇಲ್ಲಿ ಬರಹ ರೂಪದಲ್ಲಿ ಓದ್ತಿರೋರಿಗೂ ಸ್ವಾಗತ.

ಅಮೆರಿಕದ ಅಧ್ಯಕ್ಷರಿಗೆ ಎಷ್ಟು ಅಧಿಕಾರ ಇರಬೇಕು, ಅವರನ್ನು ಯಾರು ತಡೀಬೇಕು ಅನ್ನೋ ಜಗಳದ ವಿಡಿಯೊಗಳು ನಮ್ಮ ಫೋನಿಗೂ ಬರ್ತಾನೇ ಇರ್ತವೆ. ಇಂಥದ್ದೇ ಒಂದು ಜಗಳ ನಮ್ಮ ಬೆಂಗಳೂರಿನಲ್ಲೇ ಶುರುವಾಗಿ ಇಡೀ ದೇಶದ ಕಾನೂನನ್ನು ಬದಲಾಯಿಸಿತು. ದೇಶದ ಯಾವ ಲಾ ಕಾಲೇಜಿಗೆ ಹೋದರೂ ಆ ಕೇಸಿನ ಹೆಸರು ಗೊತ್ತು: ಎಸ್.ಆರ್. ಬೊಮ್ಮಾಯಿ ವಿರುದ್ಧ ಭಾರತ ಸರ್ಕಾರ. ನಮ್ಮಲ್ಲಿ ಎಷ್ಟೋ ಜನಕ್ಕೆ ಅವರು ಬಸವರಾಜ ಬೊಮ್ಮಾಯಿ ಅವರ ತಂದೆ ಅಂತ ಮಾತ್ರ ಗೊತ್ತು.

1988ರ ಆಗಸ್ಟ್. ಫೋನ್ ಕದ್ದಾಲಿಕೆ ವಿವಾದದಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು, ಬೊಮ್ಮಾಯಿ ಮುಖ್ಯಮಂತ್ರಿ ಆದರು. ಆಮೇಲೆ ಜನತಾ ಪಕ್ಷ ಮತ್ತು ಲೋಕದಳದ ಒಂದು ಬಣ ಸೇರಿ ಜನತಾದಳ ಆಯ್ತು. ಒಳಜಗಳ ಸಾಕಷ್ಟಿತ್ತು. 1989ರ ಏಪ್ರಿಲ್ 15ರಂದು ಬೊಮ್ಮಾಯಿ ಸಂಪುಟ ವಿಸ್ತರಿಸಿ 13 ಜನರನ್ನು ಸೇರಿಸಿಕೊಂಡರು. ಮಂತ್ರಿಗಿರಿ ಸಿಗದವರ ಮುನಿಸು ಹೇಗಿರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಎರಡೇ ದಿನಕ್ಕೆ, ಏಪ್ರಿಲ್ 17ರಂದು, ಕೆ.ಆರ್. ಮೊಳಕೇರಿ ಅನ್ನೋ ಶಾಸಕರು ಪಕ್ಷ ಬಿಟ್ಟು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರ ಹತ್ತಿರ ಹೋದರು. ಅವರ ಕೈಯಲ್ಲಿ ತಮ್ಮದಲ್ಲದೆ ಇನ್ನೂ 19 ಶಾಸಕರದ್ದು ಎನ್ನಲಾದ ಪತ್ರಗಳಿದ್ದವು: ಸರ್ಕಾರಕ್ಕೆ ಕೊಟ್ಟ ಬೆಂಬಲ ವಾಪಸ್. ರಾಜ್ಯಪಾಲರು 19ರಂದು ರಾಷ್ಟ್ರಪತಿಗೆ ವರದಿ ಕಳಿಸಿದರು. ಸರ್ಕಾರಕ್ಕೆ ಬಹುಮತ ಇಲ್ಲ, 356ನೇ ವಿಧಿಯಡಿ ಕ್ರಮ ಕೈಗೊಳ್ಳಿ ಅಂತ.

ಮಾರನೇ ದಿನ ಕಥೆಯೇ ಬೇರೆಯಾಯ್ತು. ಆ 19 ಜನರಲ್ಲಿ ಏಳು ಮಂದಿ, ನಮ್ಮ ಸಹಿಯನ್ನು ತಪ್ಪು ಹೇಳಿ ಪಡೆದಿದ್ದಾರೆ, ನಾವು ಸರ್ಕಾರದ ಜೊತೆಗೇ ಇದ್ದೀವಿ ಅಂತ ರಾಜ್ಯಪಾಲರಿಗೆ ಬರೆದರು. ಅವತ್ತೇ ಸಂಪುಟ ಸೇರಿ ಏಪ್ರಿಲ್ 27ಕ್ಕೆ ವಿಧಾನಸಭೆ ಕರೆಯಲು ತೀರ್ಮಾನಿಸಿತು. ಬೊಮ್ಮಾಯಿ ರಾಜ್ಯಪಾಲರ ಬಳಿ ಹೋಗಿ, ಸದನದಲ್ಲೇ ಬಹುಮತ ಸಾಬೀತು ಮಾಡ್ತೀನಿ, ಬೇಕಾದರೆ ಅಧಿವೇಶನವನ್ನು ಇನ್ನೂ ಮುಂಚೆಯೇ ಕರೀತೀನಿ ಅಂದರು.

ರಾಜ್ಯಪಾಲರು ಒಪ್ಪಲಿಲ್ಲ. ಶಾಸಕರ ಮೇಲೆ ಒತ್ತಡ ಹಾಕಲಾಗ್ತಿದೆ, ಕುದುರೆ ವ್ಯಾಪಾರ ನಡೀತಿದೆ ಅಂತ ಎರಡನೇ ವರದಿ ಕಳಿಸಿದರು. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ, ರಾಷ್ಟ್ರಪತಿ ಆಳ್ವಿಕೆ. ದೆಹಲಿಯಲ್ಲಿದ್ದದ್ದು ರಾಜೀವ್ ಗಾಂಧಿ ಸರ್ಕಾರ. ಸದನ ಸೇರೋಕೆ ಇನ್ನು ಆರೇ ದಿನ ಬಾಕಿ ಇತ್ತು.

ನಮ್ಮ ಗುಬ್ಬಿ ತಾಲ್ಲೂಕಿನ ಯಾವುದೇ ಗ್ರಾಮ ಪಂಚಾಯಿತಿ ತಗೊಳ್ಳಿ. ಅಧ್ಯಕ್ಷರನ್ನು ಇಳಿಸಬೇಕು ಅಂತ ಸದಸ್ಯರು ಸಹಿ ಹಾಕಿದ ನೋಟಿಸ್ ಕೊಟ್ಟ ಮಾತ್ರಕ್ಕೆ ಕುರ್ಚಿ ಹೋಗಲ್ಲ. ಉಪವಿಭಾಗಾಧಿಕಾರಿ ಸಭೆ ಕರೀಬೇಕು, ಅವಿಶ್ವಾಸ ಗೊತ್ತುವಳಿ ಅಲ್ಲಿ ಮತಕ್ಕೆ ಬೀಳಬೇಕು. ಪಂಚಾಯಿತಿ ಅಧ್ಯಕ್ಷರಿಗೆ ಇರೋ ಇಷ್ಟು ರಕ್ಷಣೆ ಅವತ್ತು ಕರ್ನಾಟಕದ ಮುಖ್ಯಮಂತ್ರಿಗೆ ಸಿಗಲಿಲ್ಲ.

ಹಾಗಂತ ಒಂದು ಪಕ್ಷ ಕಳ್ಳ, ಇನ್ನೊಂದು ಸಾಚಾ ಅಂತ ತಿಳ್ಕೋಬೇಡಿ. 1977ರಲ್ಲಿ ದೆಹಲಿಯಲ್ಲಿ ಗೆದ್ದ ಜನತಾ ಪಕ್ಷ ಒಂದೇ ಏಟಿಗೆ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರ್ಕಾರಗಳನ್ನು ಕಳಿಸಿತ್ತು. 1980ರಲ್ಲಿ ಇಂದಿರಾ ಗಾಂಧಿ ವಾಪಸ್ ಬಂದು ಒಂಬತ್ತಕ್ಕೆ ಒಂಬತ್ತು ಲೆಕ್ಕ ಚುಕ್ತಾ ಮಾಡಿದರು. ನಮ್ಮ ದೇವರಾಜ ಅರಸು ಸರ್ಕಾರವನ್ನು 1977ರ ಡಿಸೆಂಬರ್ 31ರಂದು ವಜಾ ಮಾಡಿದಾಗಲೂ ಕೇಂದ್ರದಲ್ಲಿದ್ದದ್ದು ಜನತಾ ಸರ್ಕಾರವೇ. ಎರಡೇ ತಿಂಗಳಲ್ಲಿ ಅರಸು ಚುನಾವಣೆ ಗೆದ್ದು ಬಂದರು ಅನ್ನೋದು ಬೇರೆ ಮಾತು. ಸಂವಿಧಾನ ರಚನಾ ಸಭೆಯಲ್ಲಿ 1949ರಲ್ಲೇ ಅಂಬೇಡ್ಕರ್, ಈ ವಿಧಿಯನ್ನು ಬಳಸುವ ಪ್ರಸಂಗವೇ ಬರದಿರಲಿ, ಅದು ಪುಸ್ತಕದಲ್ಲೇ ಉಳಿಯಲಿ ಅನ್ನೋ ಆಸೆ ಹೇಳಿಕೊಂಡಿದ್ದರು. 1994ರ ಹೊತ್ತಿಗೆ ಅದನ್ನು 90ಕ್ಕೂ ಹೆಚ್ಚು ಸಲ ಬಳಸಿ ಆಗಿತ್ತು.

ಬೊಮ್ಮಾಯಿ ಸುಮ್ಮನೆ ಕೂರಲಿಲ್ಲ. ಏಪ್ರಿಲ್ 26ರಂದು ಹೈಕೋರ್ಟ್‌ಗೆ ಹೋದರು. ಮೂವರು ನ್ಯಾಯಮೂರ್ತಿಗಳ ಪೀಠ ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟ್‌ಗೆ ಹೋದರು. ಅಷ್ಟರಲ್ಲಿ 1989ರ ನವೆಂಬರ್‌ನಲ್ಲಿ ಚುನಾವಣೆ ಬಂತು, ಕಾಂಗ್ರೆಸ್ 178 ಸೀಟು ಗೆದ್ದು ವೀರೇಂದ್ರ ಪಾಟೀಲರು ಮುಖ್ಯಮಂತ್ರಿಯಾದರು. ಕೇಸು ನಡೀತಾನೇ ಇತ್ತು. ನಾಗಾಲ್ಯಾಂಡ್, ಮೇಘಾಲಯ, ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶದ ಇಂಥದ್ದೇ ಪ್ರಕರಣಗಳೂ ಜೊತೆಗೆ ಸೇರಿದವು.

ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ರಾಷ್ಟ್ರಪತಿಗೆ ಮನವರಿಕೆಯಾಗಿದೆ ಅಂದುಬಿಟ್ಟರೆ ಸಾಲದು, ಅದಕ್ಕೆ ಏನು ಆಧಾರ ಇತ್ತು ಅಂತ ಕೋರ್ಟು ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪೋ ತನಕ ವಿಧಾನಸಭೆಯನ್ನು ವಿಸರ್ಜಿಸೋ ಹಾಗಿಲ್ಲ, ಅಮಾನತಿನಲ್ಲಿ ಇಡಬಹುದು ಅಷ್ಟೆ. ಆದೇಶ ತಪ್ಪಾಗಿದ್ದರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸೋಕೂ ಕೋರ್ಟಿಗೆ ಅಧಿಕಾರ ಇದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲಿ ತೀರ್ಮಾನ ಆಗಬೇಕು, ರಾಜ್ಯಪಾಲರ ಅಭಿಪ್ರಾಯದಲ್ಲಿ ಅಲ್ಲ.

ಕರ್ನಾಟಕ, ನಾಗಾಲ್ಯಾಂಡ್, ಮೇಘಾಲಯದ ವಜಾ ಆದೇಶಗಳು ಸಂವಿಧಾನ ವಿರೋಧಿ ಅಂತ ಆಯ್ತು. ಬಾಬರಿ ಮಸೀದಿ ಧ್ವಂಸದ ನಂತರ ವಜಾ ಆದ ಉಳಿದ ಮೂರು ರಾಜ್ಯಗಳದ್ದನ್ನು ಕೋರ್ಟು ಎತ್ತಿಹಿಡಿಯಿತು, ಜಾತ್ಯತೀತತೆ ಸಂವಿಧಾನದ ಮೂಲ ಲಕ್ಷಣ ಅನ್ನೋ ಕಾರಣಕ್ಕೆ. ಅದೇ ಇನ್ನೊಂದು ಸಂಚಿಕೆಗೆ ಆಗೋಷ್ಟು ವಿಷಯ.

ಬೊಮ್ಮಾಯಿಗೆ ಸಿಕ್ಕಿದ್ದೇನು? ಕುರ್ಚಿಯಂತೂ ಅಲ್ಲ. ತೀರ್ಪು ಬರೋ ಹೊತ್ತಿಗೆ ಹೆಚ್ಚುಕಮ್ಮಿ ಐದು ವರ್ಷ ಕಳೆದಿತ್ತು.

ಇಲ್ಲಿ ಅಮೆರಿಕವನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಗವರ್ನರ್ ಅಂದರೆ ಜನ ಓಟು ಹಾಕಿ ಆರಿಸಿದವರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಅಧ್ಯಕ್ಷರು ಅವರನ್ನು ವಜಾ ಮಾಡೋಕೆ ಆಗಲ್ಲ. ನಮ್ಮ ರಾಜ್ಯಪಾಲರನ್ನು ನೇಮಿಸೋದು ದೆಹಲಿ. ಇನ್ನು ಕೋರ್ಟಿನ ವೇಗ. 1952ರ ಏಪ್ರಿಲ್ 8ರಂದು, ಕೊರಿಯಾ ಯುದ್ಧದ ನಡುವೆ ಮುಷ್ಕರ ಆಗುತ್ತೆ ಅಂತ ಅಧ್ಯಕ್ಷ ಟ್ರೂಮನ್ ದೇಶದ ಉಕ್ಕಿನ ಕಾರ್ಖಾನೆಗಳನ್ನು ಸರ್ಕಾರದ ವಶಕ್ಕೆ ತಗೊಂಡರು. ಜೂನ್ 2ಕ್ಕೆ ಅಲ್ಲಿನ ಸುಪ್ರೀಂ ಕೋರ್ಟ್ 6–3ರಲ್ಲಿ ಇದು ನಡೆಯಲ್ಲ ಅಂದಿತು, ಕಾರ್ಖಾನೆಗಳು ವಾಪಸ್ ಆದವು. ಎರಡು ತಿಂಗಳೂ ಆಗಿರಲಿಲ್ಲ. ಗೆದ್ದವರಿಗೆ ಗೆದ್ದಿದ್ದು ಕೈಗೆ ಸಿಕ್ಕಿತು.

ನಮ್ಮಲ್ಲೂ ಆ ತೀರ್ಪಿನ ಫಲ ಬೊಮ್ಮಾಯಿ ನಂತರದವರಿಗೆ ಸಿಕ್ಕಿತು. 2018ರ ಮೇ ನಿಮಗೆ ನೆನಪಿರಬಹುದು. ಬಹುಮತ ಸಾಬೀತಿಗೆ ಯಡಿಯೂರಪ್ಪ ಅವರಿಗೆ ರಾಜ್ಯಪಾಲ ವಜುಭಾಯಿ ವಾಲಾ 15 ದಿನ ಕೊಟ್ಟಿದ್ದರು. ಮಧ್ಯರಾತ್ರಿ ಸುಪ್ರೀಂ ಕೋರ್ಟ್ ಬಾಗಿಲು ತೆರೆಯಿತು, ಆಮೇಲೆ ಮೇ 19ರ ಸಂಜೆ ನಾಲ್ಕಕ್ಕೇ ಬಹುಮತ ತೋರಿಸಿ ಅಂತ ಆದೇಶ ಬಂತು. ಮತಕ್ಕೆ ಹಾಕೋ ಮೊದಲೇ ಅವರು ರಾಜೀನಾಮೆ ಘೋಷಿಸಿದ್ದನ್ನು ನಾವೆಲ್ಲ ಫೋನಲ್ಲೇ ನೇರಪ್ರಸಾರ ನೋಡಿದೆವು.

ಇದರಿಂದ ಆಟ ನಿಂತಿಲ್ಲ, ಜಾಗ ಬದಲಾಗಿದೆ. ಎಣಿಕೆ ಸದನದಲ್ಲೇ ಆಗಬೇಕು ಅಂದಮೇಲೆ, ಸದನಕ್ಕೆ ಯಾರು ಬರಬೇಕು, ಯಾರು ಬರಬಾರದು ಅನ್ನೋದು ರೆಸಾರ್ಟಿನಲ್ಲಿ ತೀರ್ಮಾನ ಆಗೋಕೆ ಶುರುವಾಯ್ತು. 2019ರ ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99–105ರಲ್ಲಿ ಸೋತಾಗ ರಾಜೀನಾಮೆ ಕೊಟ್ಟ ಶಾಸಕರು ಮುಂಬೈನಲ್ಲಿದ್ದರು. ಬೊಮ್ಮಾಯಿ ತೀರ್ಪಿನ ಕೈ ಅಲ್ಲಿಯವರೆಗೆ ಹೋಗಲ್ಲ.

ಆದರೆ ಅದರ ಕೈ ಎಲ್ಲಿಯವರೆಗೆ ಹೋಗುತ್ತೆ ಅಂತ ಉತ್ತರಾಖಂಡ ತೋರಿಸಿತು. 2016ರ ಮಾರ್ಚ್ 28ಕ್ಕೆ ಹರೀಶ್ ರಾವತ್ ಬಹುಮತ ಸಾಬೀತು ಮಾಡಬೇಕಿತ್ತು. ಒಂದು ದಿನ ಮೊದಲು, 27ರಂದು, ರಾಷ್ಟ್ರಪತಿ ಆಳ್ವಿಕೆ ಬಂತು. ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, ಮೇ 10ರಂದು ಸದನದಲ್ಲೇ ಮತ ಎಣಿಸಿ, ರಾವತ್ ಗೆದ್ದು ಮತ್ತೆ ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂತರು. ಹೈಕೋರ್ಟ್ ಆದೇಶ ಬಂದ ದಿನ ಏಪ್ರಿಲ್ 21. ಬೊಮ್ಮಾಯಿ ಸರ್ಕಾರ ವಜಾ ಆಗಿ ಸರಿಯಾಗಿ 27 ವರ್ಷ.